ಸಲಿಕೆ ತೊಳೆಯುವವರೆಗೆ

ಮಾಲತೇಶಪ್ಪನ ಹುಬ್ಬಿನ ಗಾಯಕ್ಕೆ ಹತ್ತಿ ಒತ್ತಿ ಹಿಡಿದುಕೊಂಡೇ ಸುಧಾ ಕಿಟಕಿಯಾಚೆ ನೋಡಿದಳು. ಹಿತ್ತಲಿನಲ್ಲಿ ಕರಿಬಸವರಾಜ ಇನ್ನೂ ಊರುಗೋಲು ಎತ್ತಿಕೊಂಡೇ ನಿಂತಿದ್ದ. ಆಯಾ ಹಜೀರಾಬೀ ಅವನ ಬನಿಯನ್ನಿನ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿ ಬಿಚ್ಚಿಕೊಂಡ ಎತ್ತನ್ನು ಜಗ್ಗುವ ಹಾಗೆ ಹಿಂದಕ್ಕೆ ಜಗ್ಗುತ್ತಿದ್ದಳು.

"ಬಿಡು ನನ್ನ! ಅವ್ನ ಕೈ ಮುರೀದಿದ್ರೆ ನಾನು ನಮ್ಮಪ್ಪಗ ಹುಟ್ಟಿದ ಮಗನೇ ಅಲ್ಲ!"

"ಕೈ ಆಮ್ಯಾಲೆ ಮುರೀರಿ ಗೌಡ್ರೆ, ಮೊದ್ಲು ಪಂಚೆ ಕಟ್ಕಳ್ರಿ. ಬಿಚ್ಚೈತೆ," ಎಂದಳು ಹಜೀರಾಬೀ.

ಸುಧಾ ಹತ್ತಿ ಬದಲಿಸಿದಳು. "ಏನಾತು ಅಜ್ಜಾ, ಈಗಲಾದ್ರೂ ಖರೇ ಹೇಳ್ರಿ."

"ನಾನೇನ್ ಮಾಡೀನಿ? ನನ್ನ ಪಾಡಿಗೆ ನಾನು ಬದ್ನಿಗಿಡದ ಹತ್ರ ಕುಂತಿದ್ದೆ. ಬಂದ, ಬಾರಿಸ್ದ."

"ಅವ್ರ ಕುತ್ತಿಗೆ ಯಾಕ ಪರಚಿದಂಗೈತೆ ಮತ್ತೆ?"

"ಬಿಡಿಸ್ಕಳಾಕ ಹೋದಾಗ ಉಗುರು ತಾಗೈತೆ."

"ನಿಮ್ಮ ಉಗುರು ನಿನ್ನೆ ತಾನೆ ಕತ್ತರಿಸೀನಿ ನಾನು."

"ಸರಿಯಾಗಿ ಕತ್ತರಿಸಿಲ್ಲ ನೀವು," ಎಂದು ಮಾಲತೇಶಪ್ಪ ಮುಖ ಆಚೆ ತಿರುಗಿಸಿದ.

ಇದು ಎಷ್ಟನೆಯ ಸಲವೋ, ಲೆಕ್ಕ ಇಡುವುದನ್ನು ಸುಧಾ ಬಿಟ್ಟಿದ್ದಳು. ದೊಡ್ಡಾಸ್ಪತ್ರೆಯ ನರ್ಸ್ ಕೆಲಸದ ಓಡಾಟ ಸಾಕೆನಿಸಿ, ನಿಜಲಿಂಗಪ್ಪ ಬಡಾವಣೆಯ ಈ ಹಿರಿಯರ ಆರೈಕೆ ಮನೆಗೆ ಉಸ್ತುವಾರಿಯಾಗಿ ಬಂದಾಗ, ವಯಸ್ಸಾದವರು ಇರುವಲ್ಲಿ ಗದ್ದಲ ಕಡಿಮೆ ಎಂದುಕೊಂಡಿದ್ದಳು. ಆ ಎಣಿಕೆ ಒಂದು ವಾರವೂ ಬಾಳಲಿಲ್ಲ. ಇಲ್ಲಿ ಫ್ಯಾನಿನ ವೇಗಕ್ಕೆ ಜಗಳ, ಬಚ್ಚಲಿನ ಬಕೆಟ್ಟಿಗೆ ಜಗಳ, ಯಾರ ಚಪ್ಪಲಿಯನ್ನು ಯಾರು ಮೆಟ್ಟಿಕೊಂಡರು ಎಂಬುದಕ್ಕೆ ಜಗಳ. ಅವಕ್ಕೆಲ್ಲ ಅವಳ ಬಳಿ ಒಂದೇ ಮದ್ದಿತ್ತು. ಒಬ್ಬರನ್ನು ಟಿವಿ ಮುಂದೆ ಕೂಡಿಸುವುದು, ಇನ್ನೊಬ್ಬರನ್ನು ಗೇಟಿನ ಬಳಿ ಕೂಡಿಸುವುದು. ದೂರ ಮಾಡಿದರೆ ಆರುತ್ತದೆ. ಆರುತ್ತಲೂ ಇತ್ತು.

ಈ ಇಬ್ಬರ ವಿಷಯದಲ್ಲಿ ಮಾತ್ರ ಮದ್ದು ತಿರುಗಿಬಿದ್ದಿತ್ತು. ಮೊದಲು ಇಬ್ಬರೂ ಮುಂದಿನ ಕೋಣೆಯಲ್ಲೇ ಅಕ್ಕಪಕ್ಕದ ಮಂಚದಲ್ಲಿದ್ದರು. ಕರಿಬಸವರಾಜ ಕಡರನಾಯಕನಹಳ್ಳಿಯ ದೊಡ್ಡ ಹಿಡುವಳಿದಾರ. ಈಗ ಮರೆವಿನ ರೋಗ. ಕೆಲವು ದಿನ ಮಗಳ ಹೆಸರೂ ನೆನಪಿಗೆ ಬರುವುದಿಲ್ಲ. ಮಾಲತೇಶಪ್ಪ ಸಾರಥಿ ಎಂಬ ಊರಿನವನು, ತುಂಡು ಗದ್ದೆಯಲ್ಲಿ ಜೀವ ಸವೆಸಿದವನು. ಮಕ್ಕಳಿಲ್ಲ, ಹೆಂಡತಿ ತೀರಿಕೊಂಡ ಮೇಲೆ ತನ್ನ ಕಾಲ ಮೇಲೆ ತಾನೇ ನಡೆದು ಬಂದು ಸೇರಿದವನು. ಅವನ ಮೊಣಕಾಲು ಹೋಗಿತ್ತು, ಬುದ್ಧಿ ಗಟ್ಟಿಯಿತ್ತು. ಇಬ್ಬರಿಗೂ ಹಿಂದೆ ಮುಖಪರಿಚಯವೂ ಇರಲಿಲ್ಲ. ಅಕ್ಕಪಕ್ಕ ಇದ್ದಷ್ಟು ದಿನ ಯಾವ ತಳಿಯ ನೆಲ್ಲು ಒಳ್ಳೆಯದು, ಪೇಪರು ಮೊದಲು ಯಾರು ಓದಬೇಕು ಎಂದು ಬೆಳಗಿನಿಂದ ಸಂಜೆವರೆಗೆ ಒದರಾಡುತ್ತಿದ್ದರು. ಕೈ ಎತ್ತಿರಲಿಲ್ಲ. ಆ ಒದರಾಟ ಕೇಳಿ ತಲೆ ಸಿಡಿದು ಸುಧಾ ಕರಿಬಸವರಾಜನನ್ನು ಮನೆಯ ತೀರಾ ಹಿಂದಿನ ಕೋಣೆಗೆ ಸಾಗಿಸಿದಳು. ಅಂದಿನಿಂದ ಮಾತು ನಿಂತು ಏಟು ಶುರುವಾಯಿತು.

ಊಟದ ವೇಳೆ ಬೇರೆ ಮಾಡಿದಳು. ಊರುಗೋಲು ಕಿತ್ತುಕೊಂಡಳು, ಕರಿಬಸವರಾಜ ತಂಬಿಗೆ ಹಿಡಿದುಕೊಂಡ. ನಡೆಯಲಾರದೆ ಎಡವಿದ ಮೇಲೆ ಕೋಲು ಮತ್ತೆ ಕೊಡಬೇಕಾಯಿತು. ಹಿತ್ತಲಲ್ಲಿದ್ದ ಸಲಿಕೆ, ಗುದ್ದಲಿ, ಕುಡುಗೋಲುಗಳನ್ನು ಯಾರ ಕೈಗೂ ಸಿಗದಂತೆ ಸಾಮಾನಿನ ಕೋಣೆಗೆ ಹಾಕಿ ಕೀಲಿ ಜಡಿದಳು. ಹಜೀರಾಬೀ ಅಮಾವಾಸ್ಯೆಯ ದೋಷ ಎಂದಳು. ಮಹಡಿಯಲ್ಲಿ ಹೆಂಗಸರ ಕಡೆ ಇದ್ದ ಕಸ್ತೂರಮ್ಮ ಇಬ್ಬರ ಹಣೆಗೂ ವಿಭೂತಿ ಹಚ್ಚಿ ನೋಡಿದಳು. ವಿಭೂತಿ ಹಚ್ಚಿಕೊಂಡೇ ಇಬ್ಬರೂ ಹೊಡೆದಾಡಿದರು.

ಮಧ್ಯಾಹ್ನ ಮನೆಯ ಮಾಲೀಕ ಡಾಕ್ಟರ್ ಬಸವಪ್ರಭು ಬಂದು ಗಾಯ ನೋಡಿದ.

"ಇನ್ನೊಂಚೂರು ಕೆಳಗಾಗಿದ್ರೆ ಕಣ್ಣೇ ಹೋಗ್ತಿತ್ತು ಸುಧಾ. ನಾಳೆ ಈ ಅಜ್ಜನ ಕಡೆಯೋರು ಸ್ಟೇಷನ್ನಿಗೆ ಹೋದ್ರೆ ಯಾರು ಉತ್ತರ ಕೊಡೋರು?"

"ಅವ್ರಿಗೆ ಕಡೆಯೋರೇ ಇಲ್ಲ ಸಾರ್."

"ತಲೆ ಒಡೆದೈತೆ ಅಂದ್ರೆ ಎಲ್ಲಿಂದಾದ್ರೂ ಹುಟ್ಕಂತಾರೆ." ಬಸವಪ್ರಭು ಕೈ ತೊಳೆದುಕೊಳ್ಳುತ್ತ ಹೇಳಿದ, "ಎರಡೇ ದಾರಿ. ಗೌಡ್ರಿಗೆ ಮಾತ್ರೆ ಶುರು ಮಾಡಿ ಮಂಚದ ಮ್ಯಾಲೆ ಇಡಬೇಕು. ಇಲ್ಲಾ ಮಗಳು ಕರ್ಕಂಡು ಹೋಗ್ಬೇಕು. ಭಾನುವಾರ ಬರಾಕೆ ಹೇಳು ಅವ್ರಿಗೆ."

ಮಗಳು ವಾಣಿ ಹರಿಹರದಲ್ಲಿ ಶಾಲಾ ಶಿಕ್ಷಕಿ. ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ ಅತ್ತೆ. ಇಲ್ಲಿಗೆ ಬರುವ ಮೊದಲು ಅಪ್ಪನನ್ನು ಎರಡು ಕಡೆ ಇಟ್ಟು ನೋಡಿದ್ದಳು. ಮೊದಲನೆಯ ಕಡೆಯವರು ಆಗುವುದಿಲ್ಲವೆಂದು ವಾಪಸು ಕಳಿಸಿದ್ದರು. ಎರಡನೆಯ ಕಡೆ ಹಳೆ ಸೀರೆ ಹರಿದು ಅವನ ಕೈಗಳನ್ನು ಮಂಚಕ್ಕೆ ಕಟ್ಟುತ್ತಿದ್ದರು. ಇಲ್ಲಿಗೆ ಬಂದ ದಿನ ಆ ಮಣಿಕಟ್ಟುಗಳಿಗೆ ಮುಲಾಮು ಹಚ್ಚಿದ್ದು ಸುಧಾಳೇ. ಹಚ್ಚುವಾಗ ಅವನು, "ಯಾರ ಮನೆ ಎತ್ತು ನಾನು?" ಎಂದು ಕೇಳಿದ್ದು ಅವಳಿಗೆ ಇನ್ನೂ ನೆನಪಿತ್ತು.

ಸುಧಾ ಫೋನಿನಲ್ಲಿ ವಾಣಿಗೆ ವಿಷಯ ಹೇಳಿದಳು. "ಆತು ಸಿಸ್ಟರ್, ಬರ್ತೀನಿ. ಎರಡ್ನೇ ಸಲ ಇಟ್ಟಿದ್ದೆನಲ್ಲ, ಅಲ್ಲೇ ಕೇಳ್ತೀನಿ. ಕಟ್ಟಿಹಾಕೋರು. ಅವ್ರಾದ್ರೂ ಬ್ಯಾಡ ಅನ್ನಲ್ಲ," ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸುಧಾಳಿಗೆ ಅದೇ ಹೆಚ್ಚು ಚುಚ್ಚಿತು.

ಸಂಜೆ ಅರ್ಧ ಮಾತ್ರೆ ಕೊಟ್ಟು ನೋಡಿದಳು. ಬೆಳಿಗ್ಗೆ ಕರಿಬಸವರಾಜ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯಲು ಹೋದ. ಬೆರಳು ಬರಲಿಲ್ಲ. ರೊಟ್ಟಿಯನ್ನೊಮ್ಮೆ ಕೈಯನ್ನೊಮ್ಮೆ ನೋಡುತ್ತ ಕೂತ. ಬಾಯಿಯ ಅಂಚಿನಿಂದ ಜೊಲ್ಲು ಇಳಿದು ಬನಿಯನ್ನಿನ ಮೇಲೆ ಬಿತ್ತು.

"ಸಿಸ್ಟರ್," ಎಂದಳು ಜೊಲ್ಲು ಒರೆಸುತ್ತಿದ್ದ ಹಜೀರಾಬೀ, "ಇದಕ್ಕಿಂತ ಇವ್ರು ಹೊಡೆದಾಡಿದ್ರೇನೇ ಚೊಲೋ ಇತ್ತು."

"ನೀನೊಬ್ಬಾಕಿ ಬಾಕಿ ಇದ್ದೆ ಹೇಳಾಕ," ಎಂದು ಸುಧಾ ರೇಗಿದಳು. ಆದರೆ ಮಾತ್ರೆಯ ಹಾಳೆಯನ್ನು ಬೀರುವಿನೊಳಗೆ ಎಸೆದು ಬಾಗಿಲು ದೂಡಿದಳು.

ಶುಕ್ರವಾರ ನಲ್ಲಿಯಲ್ಲಿ ಕಾರ್ಪೊರೇಷನ್ ನೀರು ಬರುವ ದಿನ. ಆ ಬಡಾವಣೆಗೆ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿಕೊಂಡು, ಮುಂದಿನ ಎರಡು ದಿನ ರಾಶಿ ಬಟ್ಟೆ ಒಗೆಯುವುದು ವಾಡಿಕೆ. ಹೊಡೆದಾಟ ಶುರುವಾಗುವುದು ಹಿತ್ತಲಲ್ಲೇ ಎಂಬುದೊಂದು ಸುಧಾಳಿಗೆ ಖಚಿತವಿತ್ತು. ಹೇಗೆ ಶುರುವಾಗುತ್ತದೆ ಎಂಬುದನ್ನು ಯಾರೂ ನೋಡಿರಲಿಲ್ಲ. ಎಲ್ಲರೂ ಓಡಿ ಬರುತ್ತಿದ್ದದ್ದು ಕೂಗು ಕೇಳಿದ ಮೇಲೆ. ಅಂದು ಅವಳು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಹೋಗಿ ಒಗೆಯುವ ಕಲ್ಲಿನ ಪಕ್ಕ ಮೊದಲೇ ಕೂತಳು.

ಹಿತ್ತಲು ಮನೆಯ ಬದಿಗುಂಟ ಮುಂದಿನ ಕೋಣೆಯವರೆಗೂ ಚಾಚಿತ್ತು. ಆ ಕಲ್ಲಿನಿಂದ ಒಂದು ಸಣ್ಣ ಕಾಲುವೆ ಹೊರಡುತ್ತಿತ್ತು. ಸಂಪು ತುಂಬಿ ಚೆಲ್ಲಿದ ನೀರು, ಒಗೆತದ ನೀರು ಎಲ್ಲ ಅದರಲ್ಲೇ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಮಾಲತೇಶಪ್ಪ ಮಾಡಿದ್ದ ಬದನೆ, ಮೆಂತ್ಯದ ಮಡಿಗಳ ಪಕ್ಕ ಹಾದು, ಕಾಂಪೌಂಡ್ ಗೋಡೆಗುಂಟ ಹಿಂದಿನ ಕೋಣೆಯ ಬಾಗಿಲಿಗೆ ಬಂದು, ಅಲ್ಲಿದ್ದ ಬಾಳೆಯ ಬುಡ ನೆನೆಸಿ ಮೋರಿಗೆ ಬೀಳುತ್ತಿತ್ತು.

ಕರಿಬಸವರಾಜನಿಗೆ ಮಾತ್ರೆಯ ಮಂಪರು ಇಳಿದಿತ್ತು. ಹಿಂದಿನ ಬಾಗಿಲು ತೆರೆದು ಬಂದು ಮೆಟ್ಟಿಲ ಮೇಲೆ ಕೂತ. ಚಪ್ಪಲಿ ಬಿಟ್ಟು, ಎರಡೂ ಪಾದಗಳನ್ನು ಒಣ ಕಾಲುವೆಯೊಳಗೆ ಇಟ್ಟ. ಸಂಪಿಗೆ ನೀರು ಬೀಳುವ ಸದ್ದು ಕೇಳಿದ್ದೇ ಬೆನ್ನು ನೆಟ್ಟಗಾಯಿತು.

"ಬಿಟ್ರಾ?" ಎಂದು ಕೇಳಿದ.

"ಏನ್ ಗೌಡ್ರೆ?"

"ನೀರು. ಚಾನಲ್ಲಿಗೆ."

ಕಾಲುವೆಗೆ ಅವನು ಚಾನಲ್ ಎನ್ನುತ್ತಿದ್ದ. ಸಂಪು ತುಂಬಿ ಚೆಲ್ಲಿತು. ನೀರು ಕಲ್ಲಿನ ಕೆಳಗಿಂದ ಹೊರಟು ಬದನೆ ಮಡಿಯ ತನಕ ಬಂತು. ಮಾಲತೇಶಪ್ಪ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕುಕ್ಕರಗಾಲಿನಲ್ಲಿ ಕೂತು, ಸುರುಳಿ ಸುತ್ತಿದ ಗೋಣಿಚೀಲವನ್ನು ಕಾಲುವೆಗೆ ಅಡ್ಡ ಇಟ್ಟು ಒತ್ತಿದ. ನೀರು ಅಲ್ಲೇ ತಿರುಗಿ ಮಡಿಗೆ ನುಗ್ಗಿತು. ಗೋಣಿಯಿಂದಾಚೆಗೆ ಕಾಲುವೆ ಒಣಗಿಯೇ ಉಳಿಯಿತು.

ಕರಿಬಸವರಾಜ ಕಾದ. ಪಾದದ ಬೆರಳುಗಳಿಂದ ಒಣ ಮಣ್ಣನ್ನು ಕೆದಕಿದ. ತಲೆ ಬಗ್ಗಿಸಿ ನೋಡಿದ. ಮತ್ತೆ ಕಾದ. ಅವನ ಮುಖ ಬಿಗಿಯುತ್ತ ಹೋದುದನ್ನು ಸುಧಾ ಕಂಡಳು.

"ಕಟ್ಯಾನೆ," ಎಂದ ತನಗೆ ತಾನೇ. "ಮ್ಯಾಲಿನವ ಕಟ್ಯಾನೆ. ನೀರು ಬಿಡೋ ಸೌಡಿ ಎಲ್ಲಿ ಸತ್ತಾನೆ?"

ಕೋಲು ಊರಿ ಎದ್ದ. ಸುಧಾ ತಟ್ಟೆ ಎಸೆದು ಓಡಿ ನಡುವೆ ನಿಂತಳು. ಕೋಲಿನ ಏಟು ಅವಳ ಮೊಣಕೈಗೆ ಬಿತ್ತು. ಹಜೀರಾಬೀ ಬಂದು ಎಳೆದೊಯ್ದಳು. ಉಪ್ಪಿಟ್ಟಿನ ಮೇಲೆ ಆಗಲೇ ಕಾಗೆ ಕೂತಿತ್ತು.

"ಅಲ್ಲ ಅಜ್ಜಾ," ಎಂದಳು ಸುಧಾ ಮೊಣಕೈ ಉಜ್ಜಿಕೊಳ್ಳುತ್ತ, "ಗಿಡ ನೆನೆದ ಮ್ಯಾಲಾದ್ರೂ ಆ ಗೋಣಿ ತೆಗೀಬಾರ್ದಾ? ಯಾವತ್ತಾದ್ರೂ ಒಂದಿನ ತೆಗ್ದೀರಾ?"

"ತೆಗೀತೀನಿ. ಯಾರು ಹೇಳಿದ್ರು ಅಂತ ತೆಗೀಲಿ? ಪಾಳಿ ಯಾರು ಹೇಳಿದ್ರು?"

"ಯಾವ ಪಾಳಿ?"

ಮಾಲತೇಶಪ್ಪ ಅವಳನ್ನು ಕನಿಕರದಿಂದ ನೋಡಿದ. "ನೀರಿನ ಪಾಳಿ ಸಿಸ್ಟರೆ. ಚಾನಲ್ ನೀರು ಬಂದ್ರೆ ತೂಬಿನ ಹತ್ರ ಸೌಡಿ ನಿಂತಿರ್ತಾನೆ. ಈಗ ಇಂಥವಂದು ಪಾಳಿ ಅಂತ ಹೆಸ್ರು ಹಿಡ್ದು ಕೂಗ್ತಾನೆ. ಅವ ನೀರು ಕಟ್ಕಂತಾನೆ. ಮುಗೀತಾ, ಸಲಿಕೆ ತೊಳ್ದು ಬದುವಿನ ಮ್ಯಾಲೆ ಇಡ್ಬೇಕು. ಸಲಿಕೆ ತೊಳೆದ ಮ್ಯಾಲೆ ಅವ ನೀರಿಗೆ ಕೈ ಹಾಕಂಗಿಲ್ಲ. ನಮ್ ಸಾರಥ್ಯಾಗೂ ಅಷ್ಟೆ, ಅವ್ರ ಊರಾಗೂ ಅಷ್ಟೆ. ಸೌಡಿ ಇಲ್ಲ ಅಂದ್ರೆ ಮ್ಯಾಲಿನವ ಕಟ್ಟಿದ್ದೇ ಪಾಳಿ. ಸುಮ್ನೆ ಬಿಟ್ಕೊಟ್ರೆ ಹೆದ್ರಿ ಬಿಟ್ಟ ಅಂತಾರೆ."

"ಯಾರಂತಾರೆ ಅಜ್ಜಾ? ಇದು ಸೋಪಿನ ನೀರು!"

"ನೀರು ನೀರೇ. ಮತ್ತೆ ಸಲಿಕೆ ನೀವೇ ಕಸ್ಕಂಡು ಕೀಲಿ ಹಾಕೀರಿ. ಪಾಳಿ ಮುಗೀತು ಅಂತ ನಾನು ಏನ್ ತೊಳೀಲಿ? ಮಕ ತೊಳೀಲಾ?"

"ಅವ್ರಿಗೆ ಮರೆವು. ನಿಮಗೇನಾಗೈತೆ?"

"ಅವ್ನಿಗೆ ಹೆಂಡ್ತಿ ಸತ್ತಿದ್ದು ಮರ್ತೈತೆ, ಉಂಡಿದ್ದು ಮರ್ತೈತೆ. ನೀರು ಮರ್ತಿಲ್ಲ. ನನ್ನ ತಲಿ ಎಲ್ಲೈತೆ ಅಂಬೋದೂ ಮರ್ತಿಲ್ಲ."

ಸುಧಾ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಅವಳು ಬೆಳೆದದ್ದು ದಾವಣಗೆರೆಯ ಗಿರಣಿ ಕಾರ್ಮಿಕರ ಓಣಿಯಲ್ಲಿ. ಗದ್ದೆಯ ನೀರು ಗೊತ್ತಿರಲಿಲ್ಲ. ಬೀದಿ ನಲ್ಲಿಯ ಮುಂದಿನ ಕೊಡಗಳ ಸಾಲು ಗೊತ್ತಿತ್ತು. ಅಲ್ಲಿ ಹೊಡೆದಾಟ ಆಗುತ್ತಿದ್ದದ್ದು ನಲ್ಲಿಯ ಹತ್ತಿರ ಇದ್ದವರ ನಡುವೆ ಅಲ್ಲ. ಸಾಲಿನ ಕೊನೆಗೆ ನಿಂತವಳಿಗೆ ತನ್ನ ಸರದಿ ಬರುವುದಿಲ್ಲ ಎಂದು ಖಾತ್ರಿಯಾದಾಗ, ಅವಳು ಕೊಡ ಎತ್ತಿಕೊಂಡು ಮುಂದೆ ಬರುತ್ತಿದ್ದಳು. ಕರಿಬಸವರಾಜನನ್ನು ಸಾಲಿನ ಕೊನೆಗೆ ಒಯ್ದು ನಿಲ್ಲಿಸಿದ್ದು ತಾನೇ. ಜಗಳ ಆರಲಿ ಎಂದು ದೂರ ಮಾಡಿದ್ದು ತಾನೇ. ಮತ್ತೆ ಮುಂದಿನ ಕೋಣೆಗೆ ಕರೆತರೋಣವೆಂದರೆ ಅಲ್ಲಿನ ಅವನ ಹಳೆಯ ಮಂಚಕ್ಕೆ ಸೊಂಟ ಮುರಿದ ಬಕ್ಕೇಶಪ್ಪ ಎಂಬವರು ಬಂದು ಮಲಗಿದ್ದರು, ಅವರನ್ನು ಅಲುಗಿಸುವಂತಿರಲಿಲ್ಲ.

ಹಾಗಾದರೆ ನೀರೇ ಬೇಡ ಎಂದು ಶನಿವಾರ ಒಗೆತದ ನೀರನ್ನು ಕಲ್ಲಿನಿಂದ ನೇರ ಮೋರಿಗೆ ತಿರುಗಿಸಿದಳು. ಕಾಲುವೆ ಪೂರ್ತಿ ಒಣಗಿತು. ಸ್ವಲ್ಪ ಹೊತ್ತಿಗೆ ಮುಂದಿನಿಂದ ಮಾಲತೇಶಪ್ಪನೂ ಹಿಂದಿನಿಂದ ಕರಿಬಸವರಾಜನೂ ಒಟ್ಟಿಗೆ ಬಂದು ಅವಳ ಮುಂದೆ ನಿಂತರು.

"ನೀರು ಮೋರಿಗೆ ಬಿಟ್ಟೀರಾ?" ಎಂದ ಮಾಲತೇಶಪ್ಪ.

"ಇಂಥೋರ ಕೈಗೆ ಅಧಿಕಾರ ಕೊಟ್ರೆ ಹಿಂಗೇ," ಎಂದ ಕರಿಬಸವರಾಜ.

"ಬೆಳೆ ಕಂಡಿಲ್ಲ, ಪೀಕು ಕಂಡಿಲ್ಲ."

"ನೀರಾವರಿ ಇಂಜಿನಿಯರ್ ಸಾಹೇಬ್ರಿಗೆ ಹೇಳಿ ತೆಗ್ಸಿಬಿಡಾನ ಇವ್ರನ್ನ."

"ಹೇಳಾನ ನಡ್ರಿ ಗೌಡ್ರೆ."

ಇಬ್ಬರೂ ಹೆಗಲಿಗೆ ಹೆಗಲು ತಾಗುವಂತೆ ನಿಂತು ತನ್ನನ್ನು ಬೈಯುವುದನ್ನು ನೋಡಿ ಸುಧಾಳಿಗೆ ಸಿಟ್ಟಿನ ನಡುವೆಯೂ ಹಾಯೆನಿಸಿತು. ಬೈದುಕೊಳ್ಳಲಿ, ಒಂದಾದರಲ್ಲ. ಅವಳು ಅಡುಗೆಮನೆಗೆ ಹೋಗಿ ಚಹಾ ಸೋಸುವಷ್ಟರಲ್ಲಿ ಹೊರಗೆ ಕೂಗು ಕೇಳಿತು. ನೀರು ನಿಂತದ್ದು ಯಾರಿಂದ ಎಂಬ ಮಾತಿಗೆ ಮಾತು ಬೆಳೆದು, ಇಬ್ಬರೂ ಮೆಂತ್ಯದ ಮಡಿಯಲ್ಲಿ ಬಿದ್ದು ಹೊರಳುತ್ತಿದ್ದರು. ಎಬ್ಬಿಸಿ, ಮಣ್ಣು ತೊಳೆದು, ಬೇರೆ ಬೇರೆ ಕೂಡಿಸುವಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು. ಸುಧಾ ಅದನ್ನು ಹಾಗೇ ಗಟಗಟ ಕುಡಿದಳು.

ಭಾನುವಾರ ಬೆಳಿಗ್ಗೆ ವಾಣಿ ಹರಿಹರದಿಂದ ಬಸ್ಸಿಗೆ ಬಂದಳು. ಕೈಯಲ್ಲಿ ಖಾಲಿ ಚೀಲವಿತ್ತು, ಅಪ್ಪನ ಬಟ್ಟೆ ತುಂಬಲು. ಕರಿಬಸವರಾಜ ಮಗಳನ್ನು ನೋಡಿ, "ಬರ್ರಿ, ಕೂಡ್ರಿ. ಯಾವೂರು ನಿಮ್ದು?" ಎಂದ. ಅವಳು, "ಹರಿಹರ ಅಪ್ಪಾಜಿ," ಎಂದು ಹೇಳಿ ಬಟ್ಟೆ ಮಡಚತೊಡಗಿದಳು.

"ನಿಮ್ಮ ಗದ್ದೆ ಚಾನಲ್ಲಿನ ಕೊನೆಗಿತ್ತಾ?" ಎಂದು ಸುಧಾ ಕೇಳಿದಳು.

ವಾಣಿ ಮಡಚುವುದನ್ನು ನಿಲ್ಲಿಸಿದಳು. "ಹೂಂ. ತೀರಾ ಕೊನೆಗೆ. ಯಾಕ ಕೇಳ್ತೀರಿ?"

"ನೀರು ಬರ್ತಿತ್ತಾ?"

"ಒಂದೊಂದು ವರ್ಷ ಬರ್ತಿತ್ತು. ಅಪ್ಪಾಜಿ ತೂಬಿನ ಹತ್ರಾನೇ ಬುತ್ತಿ ತರಿಸ್ಕಳೋರು. ಎಷ್ಟು ಎಕರೆ ಇದ್ರೇನು ಸಿಸ್ಟರ್, ಮ್ಯಾಲಿನೋರು ಬಿಟ್ರೆ ತಾನೆ? ಅಲ್ಲಿ ಹೊಡೆದಾಡಿದ್ದೂ ಐತೆ. ಆದ್ರೆ ಸೌಡಿ ಹೆಸ್ರು ಕೂಗಿದ ಮ್ಯಾಲೆ ಅಪ್ಪಾಜಿ ಒಂದು ಮಾತು ಆಡ್ತಿರ್ಲಿಲ್ಲ. ಪಾಳಿ ಮುಗೀತು ಅಂದ್ರೂ ಅಷ್ಟೆ, ಮಡಿ ಅರ್ಧ ಒಣಗಿದ್ರೂ ಸಲಿಕೆ ತೊಳ್ದು ಬಂದುಬಿಡೋರು."

ಸುಧಾ ಸೊಂಟದಿಂದ ಕೀಲಿಗೊಂಚಲು ಬಿಚ್ಚಿದಳು. ಸಾಮಾನಿನ ಕೋಣೆ ತೆರೆದು ಸಲಿಕೆ ಎತ್ತಿಕೊಂಡು ಹೊರಬರುವಾಗ ಬಸವಪ್ರಭು ಗೇಟಿನಲ್ಲಿ ಕಾರಿನಿಂದ ಇಳಿಯುತ್ತಿದ್ದ.

"ಅದ್ಯಾಕೆ ಸಲಿಕೆ?"

"ಗೌಡ್ರಿಗೆ ಸಾರ್."

"ಗೌಡ್ರಿಗೆ? ಕೋಲಿನಿಂದ ಹುಬ್ಬು ಒಡೆದೋರ ಕೈಗೆ ಸಲಿಕೆ ಕೊಡ್ತೀಯಾ? ತಲೆ ಸರಿ ಐತಾ ಸುಧಾ?"

"ಇಲ್ಲ ಸಾರ್," ಎಂದಳು ಸುಧಾ ನಿಲ್ಲದೆ. "ಇಲ್ಲಿದ್ದು ಇದ್ದು ಅದೂ ಹೋಗೈತೆ. ಹೆಂಗೂ ಇವತ್ತು ಹೊರಟಾರಲ್ಲ. ಇದೊಂದು ನೋಡಿಬಿಡಾನ."

ಹಿತ್ತಲಲ್ಲಿ ಮಾಲತೇಶಪ್ಪನನ್ನು ಕರೆದು ಹೇಳಿದಳು. "ಇವತ್ತಿಂದ ಈ ಚಾನಲ್ಲಿಗೆ ನಾನೇ ಸೌಡಿ. ಪಾಳಿ ನಾನು ಕೂಗ್ತೀನಿ. ಮೊದ್ಲು ಕೊನೆಯೋರಿಗೆ, ಆಮ್ಯಾಲೆ ನಿಮಗೆ."

ಮಾಲತೇಶಪ್ಪನ ಹುಬ್ಬಿನ ಪಟ್ಟಿ ಮೇಲೇರಿತು. "ಕೆಳಗಿನವ್ಗೆ ಮೊದ್ಲಾ? ಯಾವ ಇಲಾಖೆ ಕಾನೂನು ಇದು?"

"ನಂದೇ ಕಾನೂನು."

"ಹೆಂಗಸು ಸೌಡಿ ಅಂತೆ! ನನ್ನ ಜೀವಮಾನದಾಗೆ ಕಂಡಿಲ್ಲ."

ಮಹಡಿಯ ಕಟಾಂಜನದಿಂದ ಕಸ್ತೂರಮ್ಮನ ದನಿ ಬಂತು. "ಗಂಡಸು ಸೌಡಿ ಇದ್ದಾಗ ನೀವೇನು ಹೊಡೆದಾಡ್ಲಿಲ್ಲೇನು? ಒಪ್ಕಳ್ಳಪ್ಪ ಸುಮ್ನೆ. ದಿನಾ ನಿಮ್ಮ ಗದ್ಲಕ್ಕ ನನ್ನ ಧಾರಾವಾಹಿ ಒಂದೂ ಪೂರಾ ನೋಡಿಲ್ಲ."

ಮಾಲತೇಶಪ್ಪ ಬದನೆಗಿಡಗಳನ್ನು ನೋಡಿದ, ಸಲಿಕೆಯನ್ನು ನೋಡಿದ. "ಆತು. ಆದ್ರೆ ಪಾಳಿ ಮುಗಿದ ಮ್ಯಾಲೆ ಅವ ಸಲಿಕೆ ತೊಳೀಬೇಕು. ತೊಳೀದೆ ಬಿಸಾಕಿದ್ರೆ ನಾನು ನೀರು ಬಿಡಲ್ಲ. ಅವತ್ತಿಗೆ ನಿಮ್ ಸೌಡಿಕೆ ಮುಗೀತು."

ಅದಕ್ಕೆ ಸುಧಾ ಮಾತು ಕೊಡುವಂತಿರಲಿಲ್ಲ. ಮೋರಿಗೆ ತಿರುಗಿಸಿದ್ದ ದಾರಿ ಮುಚ್ಚಿ, ಸಂಪಿನ ಮೋಟಾರು ಹಾಕಿಸಿದಳು. ನೀರು ಕಾಲುವೆಗೆ ಇಳಿಯಿತು. ಅವಳು ಗಂಟಲು ಸರಿಮಾಡಿಕೊಂಡು, ಬಡಾವಣೆಯ ಆಚೆ ಬೀದಿಗೂ ಕೇಳುವಂತೆ ಕೂಗಿದಳು.

"ಕಡರನಾಯಕನಹಳ್ಳಿ ಕರಿಬಸವರಾಜಾ! ನೀರಿನ ಪಾಳಿ!"

ಮೆಟ್ಟಿಲ ಮೇಲಿದ್ದ ಕರಿಬಸವರಾಜ ತಟ್ಟನೆ ತಲೆ ಎತ್ತಿದ. "ಬಂದೆ," ಎಂದ. ಸುಧಾ ಹೋಗಿ ಸಲಿಕೆಯನ್ನು ಅವನ ಕೈಗೆ ಕೊಟ್ಟಳು. ಬಸವಪ್ರಭು ಎರಡು ಹೆಜ್ಜೆ ಮುಂದೆ ಬಂದು ನಿಂತ. ವಾಣಿ ಬಾಗಿಲಲ್ಲಿ ಚೀಲವನ್ನು ಎದೆಗೆ ಒತ್ತಿಕೊಂಡಿದ್ದಳು.

ಕರಿಬಸವರಾಜ ಯಾರನ್ನೂ ನೋಡಲಿಲ್ಲ. ನೀರು ಬದನೆಯ ಮಡಿ ದಾಟಿ, ಗೋಡೆಗುಂಟ ಹರಿದು ಬಂದು ಅವನ ಪಾದಕ್ಕೆ ತಾಗಿತು. ಸಲಿಕೆಯ ತುದಿಯಿಂದ ಸ್ವಲ್ಪ ಮಣ್ಣು ತೆಗೆದು ಒಂದು ಬಾಳೆಯ ಬುಡಕ್ಕೆ ದಾರಿ ಮಾಡಿದ. ಅದು ನೆನೆದ ಮೇಲೆ ಅಲ್ಲಿ ಮಣ್ಣು ಎಳೆದು ಮುಚ್ಚಿ ಮುಂದಿನದಕ್ಕೆ ಮಾಡಿದ. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ತಡವರಿಸುವ ಕೈ ಸಲಿಕೆಯ ಕಾವಿನ ಮೇಲೆ ಎಲ್ಲಿ ಹಿಡಿಯಬೇಕೋ ಅಲ್ಲೇ ಹಿಡಿದಿತ್ತು. ಎಲ್ಲ ಬಾಳೆಗಳೂ ನೆನೆದವು. ಆದರೂ ಅವನು ಮತ್ತೆ ಮೊದಲನೆಯದಕ್ಕೆ ಬಂದ.

ಮಾಲತೇಶಪ್ಪ ಎದ್ದು ನಿಂತ. "ಆತಲ್ಲ. ಕೂಗ್ರಿ."

"ಸಾರಥಿ ಮಾಲತೇಶಪ್ಪಾ! ನೀರಿನ ಪಾಳಿ!"

ಕರಿಬಸವರಾಜ ಕೇಳಿಸದವನಂತೆ ಮಣ್ಣು ಎಳೆಯುತ್ತಿದ್ದ. ಸುಧಾ ಇನ್ನೊಮ್ಮೆ ಕೂಗಿದಳು. ಮಾಲತೇಶಪ್ಪ ಗೋಣಿಚೀಲ ಕೈಗೆತ್ತಿಕೊಂಡು ಕುಂಟುತ್ತ ಗೋಡೆಗುಂಟ ನಡೆದ. ಅವನ ನೆರಳು ಬಿದ್ದದ್ದೇ ಕರಿಬಸವರಾಜ ಸಲಿಕೆ ಎತ್ತಿ ತಿರುಗಿದ. ಹಜೀರಾಬೀ ಬಾಯಿಗೆ ಸೆರಗು ಒತ್ತಿಕೊಂಡಳು. ಬಸವಪ್ರಭು, "ಸುಧಾ, ಸಾಕು, ತಗೋ ಅದನ್ನ!" ಎಂದು ಕೂಗಿದ.

ಸುಧಾ ಸಲಿಕೆಗೆ ಕೈ ಹಾಕಲಿಲ್ಲ. ಅವನ ಎದುರು ನಿಂತು, ಕೂಗದೆ, ಬೇಸತ್ತ ದನಿಯಲ್ಲಿ ಹೇಳಿದಳು. "ಗೌಡ್ರೆ, ನಿಮ್ಮ ಪಾಳಿ ಮುಗೀತು. ನಾನು ಸೌಡಿ ಹೇಳ್ತಾ ಇದೀನಿ. ನಾಳಿನ ಪಾಳೀನೂ ಮೊದ್ಲು ನಿಮಗೇ ಕೂಗ್ತೀನಿ."

"ನಾಳೆ ಕೂಗ್ತೀಯಾ?"

"ಕೂಗ್ತೀನಿ."

"ಮ್ಯಾಲಿನವನ ಮಾತು ಕೇಳಿ ಮರೆಯಂಗಿಲ್ಲ."

"ಮರೆಯಲ್ಲ."

ಕರಿಬಸವರಾಜ ಅವಳ ಮುಖವನ್ನು ಬಹಳ ಹೊತ್ತು ನೋಡಿದ, ಇಂಥವರ ಮಾತು ಎಷ್ಟು ಸಲ ಕೇಳಿಲ್ಲ ಎನ್ನುವ ಹಾಗೆ. ಆಮೇಲೆ ಕಾಲುವೆಯ ಅಂಚಿನಲ್ಲಿ ಬಗ್ಗಿದ. ಸಲಿಕೆಯನ್ನು ಹರಿಯುವ ನೀರಿನಲ್ಲಿ ಮುಳುಗಿಸಿ, ಅಂಗೈಯಿಂದ ಮಣ್ಣು ಉಜ್ಜಿದ. ಮಗುಚಿ ಬೆನ್ನು ತೊಳೆದ. ಕಾವು ಸೇರುವ ಸಂದಿಯಲ್ಲಿ ಹೆಬ್ಬೆರಳು ತೂರಿಸಿ ಕೆಸರು ತೆಗೆದ. ಕಾಲುವೆಯ ದಂಡೆಯ ಮೇಲೆ ಅದನ್ನು ಮಲಗಿಸಿ, ಪಂಚೆಗೆ ಕೈ ಒರೆಸಿಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತ.

ಮಾಲತೇಶಪ್ಪ ಸಲಿಕೆ ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. ಹುಡುಕಿದರೂ ಅವನಿಗೆ ಕೆಸರು ಸಿಗಲಿಲ್ಲ. "ಕಾವು ಸಡ್ಲಾಗೈತೆ," ಎಂದು ಗೊಣಗಿ, ಗೋಣಿ ಇಡಲು ಹೋದ.

ಬಸವಪ್ರಭು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. "ನೋಡಾನ," ಎಂದ. "ನೋಡಾನ ಅಂದೀನಿ ಅಷ್ಟೆ. ಇನ್ನೊಂದು ಸಲ ರಕ್ತ ಬಂದ್ರೆ ನಿನ್ನ ಸೌಡಿಕೆ ನಾನು ಕೇಳಲ್ಲ. ಆ ಸಲಿಕೆ ಪಾಳಿ ಮುಗಿದ ಕೂಡ್ಲೆ ಒಳಗೆ ಹೋಗ್ಬೇಕು, ಕೀಲಿ ನಿನ್ನ ಹತ್ರ." ವಾಣಿ ಒಳಗೆ ಹೋಗಿ, ಚೀಲಕ್ಕೆ ತುಂಬಿದ್ದ ಬಟ್ಟೆಯನ್ನು ಒಂದೊಂದೇ ಗೂಡಿಗೆ ಜೋಡಿಸಿದಳು. ಹೊರಡುವಾಗ ಅಪ್ಪನಿಗೆ ಹೇಳಿದಳು. ಅವನು, "ಪಾಳಿ ಇದ್ದಾಗ ಬರ್ರಿ," ಎಂದ.

ಸುಧಾಳಿಗೆ ನಿರಾಳವಾಯಿತು ಎಂದರೆ ಸುಳ್ಳಾಗುತ್ತದೆ. ಅವಳು ಕೊಟ್ಟ ಮಾತು ಅವಳನ್ನೇ ಕಟ್ಟಿಹಾಕಿತ್ತು. ಕಾಲುವೆಗೆ ನೀರು ಬಿದ್ದ ದಿನವೆಲ್ಲ ಅವಳು ಹಿತ್ತಲಿಗೆ ಬಂದು ಎರಡು ಹೆಸರು ಕೂಗಬೇಕು. ಹಜೀರಾಬೀ ಕೂಗಿದರೆ ನಡೆಯುವುದಿಲ್ಲ. "ನೀನು ಸೌಡಿ ಅಲ್ಲ," ಎಂದು ಇಬ್ಬರೂ ಒಂದೇ ದನಿಯಲ್ಲಿ ಹೇಳುತ್ತಾರೆ. ಒಮ್ಮೆ ಸುಧಾ ತಂಗಿಯ ಮಗುವಿನ ನಾಮಕರಣಕ್ಕೆ ಹೋದಾಗ ಫೋನಿನ ಸ್ಪೀಕರಿನಲ್ಲಿ ಕೂಗಬೇಕಾಯಿತು. ಬಂದವರೆಲ್ಲ ತೊಟ್ಟಿಲು ಬಿಟ್ಟು ಅವಳನ್ನೇ ನೋಡಿದರು. ನೀರು ಬರುವುದು ತಡವಾದರೆ ಅವಳದೇ ತಪ್ಪು. ಬಾಳೆ ಗೊನೆ ಬಿಟ್ಟಿತು, ಅದು ಗೌಡರ ಹೆಚ್ಚುಗಾರಿಕೆ. ಬದನೆಗೆ ಹುಳ ಬಿತ್ತು, ಅದು ಸೌಡಿಯ ಪಕ್ಷಪಾತ. ಇಬ್ಬರ ಬಾಯಿಜಗಳ ಮೊದಲಿನಷ್ಟೇ ಜೋರಾಗಿ ಮರಳಿ ಬಂದಿತ್ತು, ಈಗ ಹಿತ್ತಲಿನ ಈ ತುದಿಯಿಂದ ಆ ತುದಿಗೆ. ಹತ್ತಿ, ಪಟ್ಟಿಗಳ ಡಬ್ಬಿ ಮಾತ್ರ ಬೀರುವಿನಿಂದ ಕೆಳಗಿಳಿದಿರಲಿಲ್ಲ.

ಇವತ್ತೂ ನೀರು ಬರುವ ದಿನ. ಹೊತ್ತು ಏರಿದರೂ ನಲ್ಲಿ ಒಣಗಿದೆ. ಸುಧಾ ಕಾರ್ಪೊರೇಷನ್ನಿನ ವಾಲ್ವ್ ತಿರುಗಿಸುವವನಿಗೆ ಫೋನ್ ಮಾಡಿ, "ಏನಪ್ಪಾ, ಇಲ್ಲಿ ಜೀವ ತಿಂತಾರೆ ನನ್ನ, ಎಷ್ಟೊತ್ತಿಗೆ ಬಿಡ್ತೀಯ?" ಎಂದು ಬೇಡಿಕೊಂಡು, ಆಗಷ್ಟೇ ಚಹಾದ ಲೋಟ ಹಿಡಿದು ಕೂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಅವಳ ಹೆಸರು ಎಂದೂ ನೆನಪಿಟ್ಟುಕೊಳ್ಳದ ಕರಿಬಸವರಾಜ ನಿಂತಿದ್ದ. ಅವನ ಹಿಂದೆ ಮಾಲತೇಶಪ್ಪ.

"ಏ ಸೌಡಿ, ನೀರು ಎಲ್ಲೀತನಕ ಬಂತು?"

"ಬರ್ತೈತೆ ಗೌಡ್ರೆ."

"ಬರ್ತೈತೆ ಬರ್ತೈತೆ ಅಂತ ಒಳಗ ಕುಂತು ಚಹಾ ಕುಡಿದ್ರೆ ಬರ್ತೈತಾ?" ಎಂದ ಮಾಲತೇಶಪ್ಪ. "ಹೋಗಿ ನಿಂತು ನೋಡ್ಬೇಕು."

ಸುಧಾ ಒಂದು ಗುಟುಕೂ ಕುಡಿಯದ ಲೋಟವನ್ನು ತಟ್ಟೆಯಿಂದ ಮುಚ್ಚಿಟ್ಟು, ಕೀಲಿಗೊಂಚಲು ತೆಗೆದುಕೊಂಡು ಎದ್ದಳು.